ಹಾಲು ಅವರ ಮನೆಯಲ್ಲಿ, ಉಳಿದದ್ದು ನಮ್ಮ ಮನೆಯಲ್ಲಿ

ಮನೆಯಲ್ಲಿ ನಾಯಿ ಇದ್ದೂ ಬೆಕ್ಕಿನ ಕಾಟವೇ? ಕೇಳಿದವರೆಲ್ಲ ನಗುತ್ತಾರೆ. ನಗಲಿ. ಹದಿನೈದು ದಿನದಿಂದ ನಾನು ಬೆಳಿಗ್ಗೆ ಎದ್ದ ಕೂಡಲೇ ಪೇಪರ್ ಹಿಡಿಯುತ್ತಿಲ್ಲ, ಸಲಿಕೆ ಹಿಡಿಯುತ್ತಿದ್ದೇನೆ. ಕೆಲಸ, ತೋಟದಲ್ಲಿ ಬೆಕ್ಕುಗಳು ಮಾಡಿಟ್ಟು ಹೋದದ್ದನ್ನು ಎತ್ತುವುದು. (ಚಹಾ ಕುಡಿಯುತ್ತ ಓದುತ್ತಿರುವವರು ಕ್ಷಮಿಸಬೇಕು.)

ತೋಟ ಎಂದರೆ ದೊಡ್ಡದೇನಲ್ಲ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಕಟ್ಟಿ ಉಳಿದ ಒಂದಿಷ್ಟು ಜಾಗ. ಎರಡು ದಾಸವಾಳ, ಒಂದು ಕಣಗಿಲೆ, ಕಾಂಪೌಂಡ್ ಗೋಡೆಯ ಪಕ್ಕ ಒಂದು ಪಾರಿಜಾತ. ಎಲ್ಲ ಅವ್ವನೇ ನೆಟ್ಟದ್ದು. ಆಕೆಯ ಲಿಂಗಪೂಜೆಗೆ ಪಾರಿಜಾತ ಬೇಕೇ ಬೇಕು. ಬೇರೆ ಹೂವನ್ನು ಗಿಡದಿಂದ ಬಿಡಿಸುತ್ತೇವೆ, ಪಾರಿಜಾತವನ್ನು ಮಾತ್ರ ನೆಲದಿಂದ ಆರಿಸುತ್ತೇವೆ. ಬೆಕ್ಕುಗಳಿಗೆ ಸರಿಯಾಗಿ ಆ ನೆಲವೇ ಬೇಕಾಯಿತು.

“ಹೇಸಿಗಿ ಮಣ್ಣಾಗ ಬಿದ್ದ ಹೂವು ಲಿಂಗಕ್ಕ ಹೆಂಗ ಏರಿಸಲೋ ತಮ್ಮಾ?” ಎಂದು ಅವ್ವ ಒಂದು ಬೆಳಿಗ್ಗೆ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದಳು. ಬೈದಿದ್ದರೆ ಸಹಿಸಬಹುದಿತ್ತು. ಬೈಯಲಿಲ್ಲ. ಮರುದಿನದಿಂದ ತೋಟಕ್ಕೆ ಇಳಿಯುವುದನ್ನೇ ಬಿಟ್ಟಳು. ನನಗೆ ಬೇಜಾರಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. (ಹೂವಿಲ್ಲದೆ ಪೂಜೆಗೆ ಏನು ಮಾಡುತ್ತಿದ್ದೀ ಎಂದು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.)

ಇನ್ನು ನಮ್ಮ ಟೈಗರ್. ನನ್ನ ಹೆಂಡತಿಯ ತಮ್ಮ ಮಲ್ಲಪ್ಪ ಖಾನಾಪುರದಿಂದ ತಂದುಕೊಟ್ಟ ನಾಯಿ. “ಮಾಮಾ, ಇದು ಅಡವಿ ಬಾಜು ಬೆಳದದ್ದು. ಹಂದಿ ಬಂದ್ರೂ ಬಿಡೂದಿಲ್ಲ” ಎಂದಿದ್ದ. ಹಂದಿಯ ವಿಷಯ ನನಗೆ ಗೊತ್ತಿಲ್ಲ. ಬೆಕ್ಕು ಬಂದರೆ ಮಾತ್ರ ಟೈಗರ್ ಎದ್ದು ಜಾಗ ಬಿಡುತ್ತದೆ.

ಸಲಹೆಗಳಿಗೇನು ಕೊರತೆ? ಆಫೀಸಿನಲ್ಲಿ ಒಬ್ಬರು ಕಿತ್ತಳೆ ಸಿಪ್ಪೆ ಹಾಕಿ ಎಂದರು. ಹಾಕಿದೆ. ಬೆಕ್ಕುಗಳು ಸಿಪ್ಪೆಯನ್ನು ನೀಟಾಗಿ ಬದಿಗೆ ಸರಿಸಿ ಕೆಲಸ ಮುಗಿಸಿದವು. ಇನ್ನೊಬ್ಬರು ಖಾರಪುಡಿ ಎಂದರು. ಅವ್ವ ಡಬ್ಬಿಯನ್ನೇ ಕಸಿದುಕೊಂಡಳು. “ಮೂಕ ಪ್ರಾಣಿ ಅವು, ಕಣ್ಣ ಉರಿತಾವು!” ಯೂಟ್ಯೂಬಿನಲ್ಲಿ ಒಬ್ಬ ಕಾಫಿಪುಡಿ ಚೆಲ್ಲಿ ಎಂದ. ಮತ್ತೊಬ್ಬ, ಕಾಫಿಪುಡಿ ನಾಯಿಗೆ ವಿಷ ಎಂದ. ಯಾರನ್ನು ನಂಬಬೇಕು?

ಕೊನೆಗೆ ಮಲ್ಲಪ್ಪನಿಗೇ ಫೋನ್ ಮಾಡಿದೆ. ಖಾನಾಪುರದಿಂದ ದಿನವೂ ಬಸ್ಸಿನಲ್ಲಿ ಉದ್ಯಮಬಾಗಕ್ಕೆ ಬಂದು ಫೌಂಡ್ರಿಯಲ್ಲಿ ದುಡಿಯುವವನು. ಊರಲ್ಲಿ ಭತ್ತದ ಗದ್ದೆಯೂ ಇದೆ.

“ಪಾರಿಜಾತದ ಬುಡಕ್ಕ ಏನ ಹಾಕೀರಿ ಮಾಮಾ?”

“ನೀನ ತಂದಿದ್ದ್ಯಲ್ಲೋ, ಭತ್ತದ ಹೊಟ್ಟು. ಎರಡೂ ಚೀಲ ಅಲ್ಲೇ ಸುರದೇನಿ.”

ಅವನು ಜೋರಾಗಿ ನಕ್ಕ. “ಅಯ್ಯ, ನಮ್ಮ ಕಡೆ ಹೊಟ್ಟಿನ ಗುಂಪಿ ಅಂದ್ರ ಬೆಕ್ಕಿನ ಸಂಡಾಸ ರೀ! ಮೆತ್ತಗ ಇರ್ತೈತಿ, ಕೆದರಾಕ ಹಗರ.”

“ಗೊತ್ತಿದ್ದೂ ಯಾಕ ತಂದಿ?”

“ನೀವು ಗಿಡಕ್ಕ ಅಂತ ಕೇಳಿದ್ರಿ ಮಾಮಾ. ಬೆಕ್ಕಿನ ಸುದ್ದಿ ತಗದಿದ್ದಿಲ್ಲ.”

ಅವತ್ತೇ ಹೊಟ್ಟು ಬಳಿದು ತೆಗೆದೆ. ಆದರೆ ಅಷ್ಟರಲ್ಲಿ ಬೆಕ್ಕುಗಳಿಗೆ ಆ ಜಾಗ ರೂಢಿಯಾಗಿಬಿಟ್ಟಿತ್ತು.

ಆಗ ಕಣ್ಣಿಗೆ ಬಿದ್ದದ್ದು ಪಕ್ಕದ ಮನೆಯ ಸುನಂದಾ ಕಾಕು ತಮ್ಮ ಗೇಟಿಗೆ ಕಟ್ಟಿದ್ದ ನೀಲಿ ನೀರಿನ ಬಾಟಲಿಗಳು. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ ಕಟ್ಟಿದರೆ ನಾಯಿ ಹತ್ತಿರ ಬರುವುದಿಲ್ಲ ಎಂಬ ನಂಬಿಕೆ ನಿಮಗೂ ಗೊತ್ತಿರುತ್ತದೆ. ಪಾಪ, ಬೀದಿನಾಯಿಗಳ ಕಾಟ ಇರಬೇಕು ಎಂದುಕೊಂಡೆ. ನಾಯಿಗೆ ನಡೆಯುವ ಉಪಾಯ ಬೆಕ್ಕಿಗೆ ಯಾಕೆ ನಡೆಯಬಾರದು?

ಕೇಳಿಬರೋಣ ಎಂದು ಹೊರಟೆ. ನಿಜ ಹೇಳಬೇಕೆಂದರೆ ಬಾಟಲಿ ಒಂದು ನೆಪ. ಆ ಬೆಕ್ಕುಗಳಿಗೆ ದಿನಾ ಹಾಲು ಹಾಕುವವರು ಇದೇ ಕಾಕು. ಹಾಲು ಅವರ ಮನೆಯಲ್ಲಿ, ಉಳಿದದ್ದು ನಮ್ಮ ಮನೆಯಲ್ಲಿ. ಇದೆಂಥ ನ್ಯಾಯ? ಖಡಕ್ಕಾಗಿ ನಾಲ್ಕು ಮಾತು ಜೋಡಿಸಿಕೊಂಡೇ ಹೋಗಿದ್ದೆ.

ಕಾಕು ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುತ್ತಿದ್ದರು. ಅವರ ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ. “ಬರ್ರಿ ಸರ್, ಕುಂದರ್ರಿ” ಎಂದರು.

“ಕಾಕು, ಈ ಬಾಟಲಿ ಕೆಲಸ ಮಾಡ್ತಾವೇನ್ರಿ?”

“ಎಲ್ಲೀದ್ರಿ ಸರ್! ನಿಮ್ಮ ಟೈಗರ್ ದಿನಾ ಬರೂದು ಬರ್ತೈತಿ, ಮಾಡೂದು ಮಾಡ್ತೈತಿ.”

ನನಗೆ ಏನೂ ತಿಳಿಯಲಿಲ್ಲ. ನಮ್ಮ ಟೈಗರ್? ಇಲ್ಲಿ? ಯಾವಾಗ?

“ಮುಂಜಾನೆ ವಾಕಿಂಗಿಗೆ ನಿಮ್ಮ ಜೋಡೀನ ಬರ್ತೈತಲ್ರಿ. ಅದು ಇಲ್ಲಿ ನಿಂತಾಗ ನೀವು ಮೊಬೈಲ್ ನೋಡ್ಕೋತ ನಿಂತಿರ್ತೀರಿ. ಆಮ್ಯಾಲ ನಾ ಎತ್ತಿ ಹಾಕಿ, ನೀರು ಹೊಡದು, ರಂಗೋಲಿ ಹಾಕತೇನಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳಕ್ಕಾದರೂ ಅನುಕೂಲವಾಗುತ್ತಿತ್ತು. ಕಾಕುವಿನ ಅಂಗಳ ಎಷ್ಟು ಸ್ವಚ್ಛ ನೋಡು ಎಂದು ಹೆಂಡತಿಗೆ ಎಷ್ಟು ಸಲ ತೋರಿಸಿದ್ದೇನೋ!

ಅಷ್ಟರಲ್ಲಿ ಕಾಕುವಿನ ಮನೆಯ ಪಕ್ಕದಿಂದ ಯಾರೋ ಬಂದರು. ನೋಡಿದರೆ ಅವ್ವ! ಬುಟ್ಟಿ ತುಂಬ ಪಾರಿಜಾತ. ನಮ್ಮದೇ ಗಿಡದ ಹೂವು. ಟೊಂಗೆಯೊಂದು ಗೋಡೆ ದಾಟಿ ಕಾಕುವಿನ ಕಡೆಗೆ ಬಾಗಿದೆ. ಅದರ ಕೆಳಗೆ ಕಾಕು ದಿನವೂ ಒಗೆದ ಹಳೆಯ ಸೀರೆ ಹಾಸಿಡುತ್ತಾರಂತೆ. ಅವ್ವನ ಪೂಜೆಗಾಗಿಯೇ.

“ನನಗ್ಯಾಕ ಹೇಳಲಿಲ್ಲವ್ವಾ?” ಎಂದೆ.

“ಏನಂತ ಹೇಳಲೋ? ನಮ್ಮ ನಾಯಿ ಅವರ ಬಾಗಲಾ ಕೆಡಸ್ತೈತಿ, ಅವರು ನನ್ನ ಲಿಂಗಕ್ಕ ಹೂವು ಕೊಡ್ತಾರ ಅಂತನ? ನಾಚಿಕಿ ಬಂತು, ಸುಮ್ಮನಿದ್ದೆ.”

ನಾಚಿಕೆ ನನಗೆ ಬರಬೇಕಿತ್ತು. ಎಪ್ಪತ್ತು ದಾಟಿದ ಅವ್ವ ನನ್ನ ಪಾಲಿನದನ್ನೂ ಹೊತ್ತುಕೊಂಡು ದಿನಾ ಆ ಗೇಟು ದಾಟುತ್ತಿದ್ದಳು.

ಈಗ ನಾನು ಹಳೇ ಪೇಪರ್, ಒಂದು ಚೀಲ ಹಿಡಿದೇ ಟೈಗರ್ ಜೊತೆ ಹೋಗುತ್ತೇನೆ. ಮೊಬೈಲ್ ಮನೆಯಲ್ಲಿ. ಆದರೆ ಟೈಗರ್‌ಗೆ ನಾನು ನೋಡುತ್ತ ನಿಂತರೆ ಬರುವುದೇ ಇಲ್ಲ. ಊರೆಲ್ಲ ಸುತ್ತಿಸಿ ಮನೆಗೆ ಕರೆತಂದರೆ ನೇರ ಪಾರಿಜಾತದ ಬುಡಕ್ಕೆ ಹೋಗುತ್ತದೆ! ಬೆಕ್ಕುಗಳೂ ಬರುತ್ತಿವೆ. ಯಾರನ್ನು ಓಡಿಸಲಿ, ಯಾರನ್ನು ಬಿಡಲಿ? ಅವ್ವ ಇನ್ನೂ ಗೋಡೆಯಾಚೆಯೇ ಹೂವು ಆರಿಸುತ್ತಾಳೆ.

ಟೈಗರ್ ಕಾಕುವಿನ ಬಾಗಿಲು ಕೆಡಿಸುವುದು ನಿಂತು ವಾರವಾಯಿತು. ಆದರೂ ಅವರು ಬಾಟಲಿ ಬಿಚ್ಚಿಲ್ಲ. ಅವುಗಳ ಮುಂದೆ ಹಾಯುವಾಗ ಟೈಗರ್ ಬಾಲ ಅಲ್ಲಾಡಿಸುತ್ತ ಹೋಗುತ್ತದೆ, ತಲೆ ತಗ್ಗುವುದು ನನ್ನದು.

ಅಷ್ಟಕ್ಕೂ ಆ ನೀಲಿ ನೀರು ಕಟ್ಟಿದ್ದು ನಾಯಿಗೋ, ನಾಯಿ ಹಿಡಿದು ನಿಂತವನಿಗೋ?