ಗರಗದ ಅರಿವೆಯಲ್ಲಿ ಸೋಸಿದ ಅಂಬಲಿ

ಹುಳಿ ಬಂದ ಜೋಳದ ಹಿಟ್ಟು ಸಣ್ಣ ಉರಿಯ ಮೇಲೆ ಕುದಿಯಲು ಶುರುವಾದಾಗ ಒಂದು ವಾಸನೆ ಏಳುತ್ತದೆ. ಮೊದಲು ಮೂಗಿಗೆ ಚುರುಕ್ಕೆನ್ನುವ ಹುಳಿ, ಆಮೇಲೆ ಹಸಿ ಹಿಟ್ಟಿನ ಮಣ್ಣುಮಣ್ಣು ಘಮ, ಕೊನೆಗೆ ಹುರಿದ ಜೀರಿಗೆಯ ಪುಡಿ ಬಿದ್ದಾಗ ಎಲ್ಲವೂ ಒಂದಾಗಿ ಅಡುಗೆಮನೆ ತುಂಬಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಇದು ಹಸಿವು ಹುಟ್ಟಿಸುವ ವಾಸನೆ. ನನಗೆ ಮಾತ್ರ ಇವತ್ತಿಗೂ ಸಿಟ್ಟು ಬರುತ್ತದೆ. ಈಚೆಗೆ ದಿನವೂ ಅಂಬಲಿ ಕಾಸುತ್ತಿದ್ದೇನೆ, ದಿನವೂ ಅಮರಗೋಳದ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಕೆಡವಿ ಯಾರೋ ಗೋದಾಮು ಕಟ್ಟಿದ್ದಾರೆ. ನಿಮ್ಮದೂ ಅಂಥದೊಂದು ಮನೆ ಹೋಗಿದ್ದರೆ, ಆ ಕಡೆ ಹೋಗುವಾಗ ಆಟೋದವನಿಗೆ ಬೇರೆ ರಸ್ತೆ ಹಿಡಿಯಲು ಹೇಳುವ ಚಟ ನಿಮಗೂ ಇರಬಹುದು.

ಕಾಳಿನ ವ್ಯಾಪಾರದ ಮನೆ ಅದು. ಪಡಸಾಲೆಯಲ್ಲಿ ಸದಾ ಗೋಣಿಚೀಲದ ವಾಸನೆ, ಒಣಮೆಣಸಿನಕಾಯಿಯ ಘಾಟು. ಅಪ್ಪ, ಅವನ ತಮ್ಮ ಕಾಕಾ ಇಬ್ಬರೂ ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಣ್ಣುತ್ತಿದ್ದ ಕಾಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಊಟದ ವಿಷಯದಲ್ಲಿ ಬಲು ಜೋರು. ಹೋಳಿಗೆಗೆ ತುಪ್ಪ ಕಡಿಮೆಯಾದರೆ ಮುಖ ತಿರುಗಿಸುವವಳು, ಸಕ್ಕರೆ ಕಾಯಿಲೆ ಬಂದ ಮೇಲೂ ಡಾಕ್ಟರಿಗೆ ಒಂದು ಹೇಳಿ ಬಾಯಿಗೆ ಇನ್ನೊಂದು ಹಾಕಿಕೊಳ್ಳುವವಳು. ಅಂಥವಳಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ತೊದಲಿತು, ರೊಟ್ಟಿಯ ಚೂರು ಗಂಟಲಿಗೆ ಇಳಿಯದೆ ನೆತ್ತಿಗೇರತೊಡಗಿತು. ಇನ್ನು ಮೇಲೆ ಎಲ್ಲವೂ ಕುಡಿಯುವಂತಿರಬೇಕು, ಆದರೆ ತೀರ ನೀರಾಗಬಾರದು, ಸಿಹಿಯಂತೂ ಬೇಡವೇ ಬೇಡ ಎಂದರು ಡಾಕ್ಟರು. ಅವ್ವನಿಗೆ ಮಂದಿ ತುಂಬಿದ ಮನೆಯ ಅಡುಗೆಯೇ ಸಾಕಾಗಿತ್ತು. ಆಯಿಯ ಬಟ್ಟಲು ಕಾಕುವಿನ ಪಾಲಿಗೆ ಬಂತು.

ಕಾಕು ಎಂದರೆ ಕಾಕಾನ ಹೆಂಡತಿ, ಖಾದಿಗೆ ಹೆಸರಾದ ಗರಗ ಊರಿನ ನೇಕಾರರ ಮನೆಯ ಮಗಳು. ಮದುವೆಯಾಗಿ ಬರುವಾಗ ಬಂಗಾರ ತರದೆ ಖಾದಿ ಹೊತ್ತು ತಂದಳೆಂದು ನಮ್ಮ ಮನೆಯಲ್ಲಿ ಮುಸಿಮುಸಿ ನಗುತ್ತಿದ್ದರು. ಆ ಖಾದಿಯದೇ ಒಂದು ತುಂಡನ್ನು ನೀರಿನಲ್ಲಿ ಕುದಿಸಿ, ಬಿಸಿಲಿಗೆ ಒಣಹಾಕಿ, ಅವಳು ಆಯಿಯ ಊಟ ಸೋಸುವ ಅರಿವೆ ಮಾಡಿಕೊಂಡಳು. ಜರಡಿಯಲ್ಲಿ ಸೋಸಿದರೆ ತರಿ ಉಳಿದು ಆಯಿಗೆ ಕೆಮ್ಮು ಹತ್ತುತ್ತಿತ್ತು. ಬೆಳಿಗ್ಗೆ ಜೋಳದ ಅಂಬಲಿ ಆರಿಸಿ ಮಜ್ಜಿಗೆ ಬೆರೆಸುವುದು, ಮಧ್ಯಾಹ್ನ ಹೆಸರುಬೇಳೆಯ ಜೊತೆ ಹೀರೇಕಾಯಿಯನ್ನೋ ಮೆಂತ್ಯದ ಸೊಪ್ಪನ್ನೋ ಮೆತ್ತಗೆ ಬೇಯಿಸಿ ರುಬ್ಬಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಆಮೇಲೆ ಸೋಸುವುದು. ಬೆಳ್ಳುಳ್ಳಿ ಅರಿವೆಯಲ್ಲಿ ಉಳಿದು ಅದರ ರುಚಿ ಮಾತ್ರ ಬಟ್ಟಲಿಗೆ ಇಳಿಯುತ್ತಿತ್ತು. ಕುಡಿಸುವ ಮೊದಲು ಒಂದು ಚಮಚೆ ಅಂಗೈಗೆ ಹಾಕಿಕೊಂಡು ನೆಕ್ಕಿ, ಬಿಸಿ ಎಷ್ಟಿದೆ, ಉಪ್ಪು ಸರಿಯಿದೆಯೇ ಎಂದು ನೋಡುತ್ತಿದ್ದಳು. ಆಯಿ ತೊದಲುತ್ತ "ಇವತ್ತ ಏನ?" ಎಂದು ಕೇಳುವಳು. "ಹೀರಿಕಾಯಿ ಪಲ್ಯ, ಹೆಸರಬ್ಯಾಳಿ, ಮ್ಯಾಲೆ ಬೆಳ್ಳೊಳ್ಳಿ ಒಗ್ಗರಣಿ. ಕುಡೀರಿ ಅತ್ತ್ಯಾರ, ಆರತೈತಿ" ಎಂದು ಕಾಕು ತಾಟಿನಲ್ಲಿ ಒಂದೊಂದೇ ಬಡಿಸಿದ ಹಾಗೆ ಹೇಳುವಳು. ಆಯಿಯ ಸಕ್ಕರೆ ಹಿಡಿತಕ್ಕೆ ಬಂತು, ಮುಖಕ್ಕೆ ಕಳೆ ಬಂತು. ಹೀಗೆ ಆ ಮನೆಯಲ್ಲಿ ಕಾಕುವಿಗೆ ಮೊದಲ ಸಲ ಸ್ವಲ್ಪ ಮಾನ ಸಿಕ್ಕಿತ್ತು.

ಶ್ರಾವಣ ಬಂತು. ಹಳೇ ಹುಬ್ಬಳ್ಳಿಯಲ್ಲಿದ್ದ ನಮ್ಮ ಅತ್ತೆ, ಅಪ್ಪನ ಅಕ್ಕ, ಸೋಮವಾರ ಮಠಕ್ಕೆ ಹೋಗಿ ಬರುವಾಗ ಡಬ್ಬಿಯಲ್ಲಿ ಪ್ರಸಾದದ ಗೋಧಿ ಹುಗ್ಗಿ ತರತೊಡಗಿದಳು. ಧಾರಾಳವಾಗಿ ಬೆಲ್ಲ ಹಾಕಿದ ಹುಗ್ಗಿ. ಕಾಕು ಕೈ ಮುಗಿದು ಹೇಳಿದಳು, "ಅಕ್ಕಾರ, ಅತ್ತ್ಯಾರಿಗೆ ಇದನ್ನ ಕೊಡಬ್ಯಾಡ್ರಿ. ಕಣ್ಣಿಗೆ ಒತ್ತಿ ಇಟ್ಟರ ಸಾಕು." ಅತ್ತೆ ಅವಳನ್ನು ಹೆಸರು ಹಿಡಿದು ಕರೆದವಳೇ ಅಲ್ಲ. "ಕೇಳ್ರಿ ಗರಗದಾಕಿ ಮಾತು. ಪ್ರಸಾದ ಆದಮ್ಯಾಲೆ ಅದ್ರಾಗ ಬೆಲ್ಲ ಎಲ್ಲಿಂದ ಬಂತು?" ಎಂದು ನಕ್ಕಳು. ಮನೆಯವರೂ ನಕ್ಕರು. ತಮಾಷೆಗಲ್ಲ, ಅವರೆಲ್ಲ ಹಾಗೆಯೇ ನಂಬಿದ್ದರು. ಅತ್ತೆ ತಾನೇ ಅಡುಗೆಮನೆಗೆ ಹೋಗಿ, ಹುಗ್ಗಿಯನ್ನು ಹಾಲಿನಲ್ಲಿ ಕಲಸಿ ತೆಳ್ಳಗೆ ಮಾಡಿ, ಕಾಕುವಿನ ಅದೇ ಬಿಳಿ ಅರಿವೆಯಲ್ಲಿ ಹಿಂಡಿ ಸೋಸಿ ಆಯಿಗೆ ಕುಡಿಸಿದಳು. ಆಯಿಯೂ ಬಟ್ಟಲು ಖಾಲಿಯಾಗುವವರೆಗೆ ಬಾಯಿ ತೆರೆದಳು. ಬರಬರುತ್ತ ಸೋಮವಾರದ ಹುಗ್ಗಿ ಉಳಿದ ದಿನಗಳಿಗೂ ಒದಗತೊಡಗಿತು.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಆಯಿ ಕರೆದರೆ ಓಗೊಡಲಿಲ್ಲ. ಆಸ್ಪತ್ರೆಗೆ ಒಯ್ದರು. ಸಕ್ಕರೆ ವಿಪರೀತ ಏರಿದೆ, ಯಾರು ಸಿಹಿ ಕೊಟ್ಟಿರಿ ಎಂದು ಡಾಕ್ಟರು ಕೇಳಿದರೆ ಅಪ್ಪ, "ಸಿಹಿ ಯಾರೂ ಕೊಟ್ಟಿಲ್ಲರಿ, ಪ್ರಸಾದ ಅಷ್ಟ" ಅಂದನಂತೆ. ಆಯಿ ಬದುಕಿ ಮನೆಗೆ ಬಂದ ದಿನವೇ ಪಡಸಾಲೆಯಲ್ಲಿ ಪಂಚಾಯಿತಿ ಕೂತಿತು. ಕಾಕು ಒಳಗಿನಿಂದ ಅರಿವೆ ತಂದು ಎಲ್ಲರ ಮುಂದೆ ಹಾಸಿದಳು. ಕೊನೆಯ ಸಲ ಹುಗ್ಗಿ ಸೋಸಿದ ಮೇಲೆ ಒಗೆಯದೆ ಇಟ್ಟಿದ್ದಳು. ಅಂಟಂಟಾಗಿತ್ತು, ಇರುವೆ ಮುತ್ತಿದ್ದವು. ಅತ್ತೆಗೆ ಕಿಡಿ ಹತ್ತಿತು. "ಪ್ರಸಾದಕ್ಕ ದೋಷ ಹಚ್ಚತೀಯೇನ? ದಿನಾ ಕುಡಿಸಾಕಿ ನೀ. ನಿನ್ನ ಅಂಬಲ್ಯಾಗ ಏನಿತ್ತೋ ಯಾರ ಬಲ್ಲರು?" ಪ್ರಸಾದದಿಂದ ಕೆಡುಕಾಗಲು ಸಾಧ್ಯವಿಲ್ಲ, ಅಂದ ಮೇಲೆ ಕೆಡುಕು ಅಂಬಲಿಯಲ್ಲೇ ಇರಬೇಕು, ಅಷ್ಟು ಸಲೀಸಾಗಿ ತೀರ್ಮಾನವಾಯಿತು. ಅಪ್ಪ ತಲೆಯಾಡಿಸಿದ. ಕಾಕಾ ನೆಲ ನೋಡಿದ. ಮಂಚದ ಮೇಲಿದ್ದ ಆಯಿಗೆ ಎಲ್ಲವೂ ಗೊತ್ತಿತ್ತು. ತೊದಲುತ್ತಲಾದರೂ ಆಕೀದ ತಪ್ಪಿಲ್ಲ ಅನ್ನಬಹುದಿತ್ತು. ಅವಳು ಮಗಳ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಆಯಿಯ ಮೇಲೆ ನನಗೆ ಎಷ್ಟೋ ಪ್ರೀತಿಯಿದೆ, ಆದರೆ ಇದೊಂದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅತ್ತೆ ಕೆಲವು ದಿನ ನಮ್ಮಲ್ಲೇ ಉಳಿದು ಹೊಸ ಪದ್ಧತಿ ಹಾಕಿದಳು. "ಮೊದಲ ಆಕಿ ಕುಡೀಲಿ, ಎಲ್ಲಾರ ಮುಂದ. ಆಮ್ಯಾಲೆ ಅವ್ವಗ." ಅಂಗೈ ನೆಕ್ಕಿ ಉಪ್ಪು ನೋಡುತ್ತಿದ್ದ ಕಾಕು ಈಗ ಪಡಸಾಲೆಯ ನಡುವೆ ನಿಂತು, ವಿಷ ಬೆರೆಸಿದವಳ ಹಾಗೆ, ಲೋಟ ಎತ್ತಿ ಕುಡಿದು ತೋರಿಸಬೇಕಾಯಿತು. ಅತ್ತೆ ಹೊರಟುಹೋದ ಮೇಲೂ ಅದು ನಿಲ್ಲಲಿಲ್ಲ. ಬೇಡ ಅನ್ನುವ ಅಧಿಕಾರವಿದ್ದ ಗಂಡಸರು ಅದನ್ನು ನೋಡುತ್ತ ಚಹಾ ಕುಡಿದರು. ಅವ್ವ ಒಮ್ಮೆ ತಡೆಯಲಾರದೆ, "ಬಿಟ್ಟಬಿಡು, ಯಾರರೆ ಮಾಡಕೊಳ್ಳಲಿ" ಅಂದಳು. "ನಾ ಬಿಟ್ಟರ ಮತ್ತ ಹುಗ್ಗಿ ಕುಡಸತಾರ ಅಕ್ಕ" ಅಂದಳು ಕಾಕು. ಅಂಬಲಿ ಎಂದಿನಂತೆ ನುಣ್ಣಗೇ ಇರುತ್ತಿತ್ತು, ಉಪ್ಪು ಖಾರ ಎಲ್ಲ ಸರಿಯಾಗೇ ಇರುತ್ತಿತ್ತು. ಆಯಿ "ಇವತ್ತ ಏನ?" ಎಂದರೆ ಮಾತ್ರ, "ಅಂಬಲಿ" ಎಂದಷ್ಟೇ ಹೇಳಿ ಚಮಚೆ ಎತ್ತುತ್ತಿದ್ದಳು. ಆಯಿ ಕೆಲವು ದಿನ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಸಂಕ್ರಾಂತಿಗೆ ಮೊದಲೇ ತೀರಿಕೊಂಡಳು. ಅವಳ ಹಿಂದೆಯೇ ಮನೆಯಲ್ಲಿ ಒಲೆ ಎರಡಾದವು, ಕಾಕಾ ಕಾಕು ಧಾರವಾಡದ ಲಕಮನಹಳ್ಳಿಯ ಕಡೆ ಸಣ್ಣ ಮನೆ ಹಿಡಿದು ಹೋದರು.

ಅತ್ತೆ ಇವತ್ತಿಗೂ ಗಟ್ಟಿಯಾಗಿದ್ದಾಳೆ, ಶ್ರಾವಣ ಬಂದರೆ ಹುಗ್ಗಿ ಹಂಚುತ್ತಾಳೆ. ಸಕ್ಕರೆ ಕಾಯಿಲೆ ಬಂದದ್ದು ಕಾಕುವಿಗೆ. ಹಲ್ಲೆಲ್ಲ ಸಡಿಲಾಗಿ ಮೊನ್ನೆ ತೆಗೆಸಬೇಕಾಯಿತು, ಒಸಡು ಮಾಯುವವರೆಗೆ ಕುಡಿಯುವ ಊಟವೇ ಗತಿ. ನಾನು ಧಾರವಾಡದಲ್ಲೇ ಇರುವುದರಿಂದ ದಿನಾ ಹೋಗಿ ಮಾಡಿಕೊಟ್ಟು ಬರುತ್ತೇನೆ. ನಿನ್ನೆ ಹೀರೇಕಾಯಿ, ಹೆಸರುಬೇಳೆ ಬೇಯಿಸಿ ರುಬ್ಬಿ, ಗರಗದ್ದೇ ಬಿಳಿ ಅರಿವೆಯಲ್ಲಿ ಸೋಸಿ ಬಟ್ಟಲಿಗೆ ಬಗ್ಗಿಸಿದೆ. ಒಸಡು ಹಸಿ ಇದೆ, ಬಿಸಿ ಹೆಚ್ಚಾಗಬಾರದು ಎಂದು, ಅವಳನ್ನು ನೋಡಿ ಕಲಿತ ರೂಢಿಯಂತೆ ಒಂದು ಚಮಚೆ ಅಂಗೈಗೆ ಹಾಕಿಕೊಂಡೆ. ಬಾಯಿಗೆ ಒಯ್ಯುವಷ್ಟರಲ್ಲಿ ಕಾಕು ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡವಾ. ನೀ ಕುಡದ ತೋರಸಬ್ಯಾಡ. ನಾ ನಿನ್ನ ನಂಬೇನಿ" ಅಂದಳು. ಬಿಸಿ ನೋಡುತ್ತಿದ್ದೆ ಕಾಕು ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಅವಳು ಬಟ್ಟಲು ಎತ್ತಿಕೊಂಡು, ಊದಿಕೊಳ್ಳದೆ, ನನ್ನ ಮುಖ ನೋಡುತ್ತ, ಅಷ್ಟನ್ನೂ ಬಿಸಿಬಿಸಿಯಾಗಿಯೇ ಕುಡಿದಳು.