ಬಾಳವ್ವನ ಮೊದಲ ತುತ್ತು

ಅಂಕಲಗಿಯ ನಮ್ಮ ಓಣಿಯಲ್ಲಿ ಬಾಳವ್ವ ಊಟಕ್ಕೆ ಕೂತರೆ ಮೊದಲ ತುತ್ತನ್ನು ಸೊಸೆ ಸರಿತಾಳ ಬಾಯಿಗೇ ಇಡುತ್ತಿದ್ದಳು. ಅತ್ತೆ ಅಂದರೆ ಹೀಗಿರಬೇಕು ಎಂದು ನಾನು ನಾಲ್ಕು ಮಂದಿಯ ಮುಂದೆ ಹೊಗಳಿದ್ದೂ ಉಂಟು. ಸೊಸೆ ನುಂಗಿ ಸ್ವಲ್ಪ ಹೊತ್ತು ನೆಟ್ಟಗಿದ್ದರೆ ಮಾತ್ರ ಅತ್ತೆ ಉಣ್ಣುತ್ತಾಳೆ ಎಂಬುದು ಆಮೇಲೆ ತಿಳಿಯಿತು.

ಬಾಳವ್ವ ಗೋಕಾಕದ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮನೆ ನಡೆಸಿದವಳು. ಹೋದ ವರ್ಷ ಬೆರಳಿನ ಗಂಟುಗಳೆಲ್ಲ ಬಾತು, ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದಂತಾಯಿತು. ರೊಟ್ಟಿ ಬಡಿಯುವುದು ಸರಿತಾಳ ಪಾಲಿಗೆ ಬಂತು. ಅಲ್ಲಿಗೆ ಬಾಳವ್ವನಿಗೆ ತನಗೆ ಯಾರೋ ಮದ್ದು ಹಾಕಿದ್ದಾರೆಂಬ ಅನುಮಾನ ಹೊಕ್ಕಿತು. ಊಟದಲ್ಲಿ ಕದ್ದು ಹಾಕಿದ ಮದ್ದನ್ನು ವಾಂತಿ ಮಾಡಿಸಿ ತೆಗೆಯುವುದರಲ್ಲಿ ತನಗೆ ಸಮನಿಲ್ಲವೆಂದು ತಾನೇ ಸಾರಿಕೊಂಡಿದ್ದ ಮಾಯಪ್ಪನನ್ನು ಹುಡುಕಿ ಹುಕ್ಕೇರಿ ಕಡೆ ಹೋದಳು. ಅವನು ಸೊಪ್ಪಿನ ರಸ ಕುಡಿಸಿ, ಹೊರಬಿದ್ದದ್ದನ್ನು ಕಡ್ಡಿಯಿಂದ ಕೆದಕಿ, ಇದು ಮನೆಯವರದೇ ಕೈ ಎಂದ. ಬೆರಳಿನ ಬಾವು ಇಳಿಯಲಿಲ್ಲ. ಅದಕ್ಕೂ ಅವನಲ್ಲಿ ಉತ್ತರವಿತ್ತು: ಮದ್ದು ಬಹಳ ಹಳೇದು.

ಇಷ್ಟಾದ ಮೇಲೆ ಸರಿತಾ ಚೀಲಕ್ಕೆ ಬಟ್ಟೆ ತುಂಬಿದಳು. ಗೋಕಾಕದಲ್ಲಿ ಅತ್ತೆಯನ್ನು ಡಾಕ್ಟರಿಗೆ ತೋರಿಸಿ, ಅಲ್ಲಿಂದಲೇ ಮೂಡಲಗಿಯ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದಳು. ಅವಳ ಗಂಡ ಹನಮಂತ ಇಬ್ಬರ ಮಾತಿಗೂ ತಲೆಯಾಡಿಸಿ ಹೊಲಕ್ಕೆ ನಡೆದ. ಡಾಕ್ಟರ್ ಹೇಳಿದ್ದಕ್ಕೆ ಸಾಕ್ಷಿ ಇರಲೆಂದು ನನ್ನನ್ನು ಕರೆದೊಯ್ದರು.

ಡಾಕ್ಟರ್ ಸಂಘಮಿತ್ರಾ ರಕ್ತದ ವರದಿ ನೋಡಿ ಬಿಡಿಸಿ ಹೇಳಿದರು. ಮೈಯೊಳಗೆ ಟಿ ಕಣಗಳೆಂಬ ಕಾವಲಿನವರಿದ್ದಾರೆ. ಒಂದು ಪಂಗಡ ರೋಗಾಣುಗಳನ್ನು ಬಡಿಯುತ್ತದೆ, ಇನ್ನೊಂದು ಪಂಗಡ ಇನ್ನು ಸಾಕೆಂದು ಆ ಬಡಿಯುವವರನ್ನು ತಡೆಯುತ್ತದೆ. ಕೆಲವರಲ್ಲಿ ಕಾವಲಿನವರೇ ಕಡಿಮೆಯಾಗಿ ಕಂಡಕಂಡ ರೋಗ ಒಳಗೆ ಬರುತ್ತದೆ. ಬಾಳವ್ವನದು ಬೇರೆ ತರಹ. ತಡೆಯುವವರ ಮಾತು ನಡೆಯುತ್ತಿಲ್ಲ, ಬಡಿಯುವವರು ತಮ್ಮದೇ ಕೀಲುಗಳನ್ನು ಕಳ್ಳರೆಂದು ತಿಳಿದಿದ್ದಾರೆ.

"ಅವ್ರನ್ನ ಛೂ ಬಿಟ್ಟವ್ರು ಯಾರ್ರಿ?" ಬಾಳವ್ವ ಸೊಸೆಯ ಕಡೆ ನೋಡುತ್ತ ಕೇಳಿದಳು.

"ಯಾರೂ ಬಿಟ್ಟಿಲ್ಲ ಯವ್ವಾ, ನಿಮ್ಮ ಮೈಯಾಗಿನವ್ರ ಅವ್ರು. ಗುಳಿಗಿ ತಗೊಳ್ಳಿಲ್ಲಂದ್ರ ಬೆರಳು ಸೊಟ್ಟ ಆಗಿ ಹಂಗ ಉಳೀತಾವ ನೋಡ್ರಿ."

ಬಸ್ ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸು ನಿಂತಿತ್ತು. ಬಾಳವ್ವನ ಬೆರಳಿಗೆ ಗುಳಿಗೆಯ ಪಟ್ಟಿ ಒಡೆಯಲು ಆಗಲಿಲ್ಲ. ಹಲ್ಲಿನಿಂದಲೂ ನೋಡಿದಳು. ಕಡೆಗೆ ಸರಿತಾಳ ಮುಂದೆ ಹಿಡಿದಳು. ಸರಿತಾ ಚೀಲ ಕೆಳಗಿಟ್ಟು ಗುಳಿಗೆ ತೆಗೆದುಕೊಟ್ಟಳು. ಬಾಳವ್ವ ಅದನ್ನು ಎರಡೂ ಮಗ್ಗುಲು ತಿರುವಿ ನೋಡಿ, ಸೊಸೆಯ ಮುಖವನ್ನೂ ಅಷ್ಟೇ ಹೊತ್ತು ನೋಡಿ, ನುಂಗಿದಳು. ಬಸ್ಸು ಹೊರಟಿತು. ಸರಿತಾ ಹತ್ತಲಿಲ್ಲ.

ಮೊನ್ನೆ ಅವರ ಮನೆಗೆ ಹೋದವನು, ಊರ ಹಿರಿಯನ ಗತ್ತಿನಲ್ಲಿ, ಸೊಸೆಗೆ ತಪ್ಪಾಯಿತು ಅಂತ ಒಂದು ಮಾತು ಹೇಳಿದೆಯೇನವ್ವಾ ಎಂದು ಕೇಳಿದೆ.

"ಅಕಿ ಕೊಟ್ಟದ್ದ ನುಂಗಿ ಕುಂತೇನಿ. ಮತ್ತೇನ್ ಪಂಚಾಯ್ತಿ ಹಚ್ಚೀರಿ?"