ಮಗಳು ತಿಂದ ಬಳಪ

ಬಸುರಿ ಮಗಳಿಗೆ ಕೆಟ್ಟ ಕಲ್ಲು ತಿನ್ನಿಸಿದವಳು ನಾನು. ಬೇರೆ ಯಾರ ತಪ್ಪೂ ಇಲ್ಲ.

ತೊಂಬತ್ತರ ದಶಕ, ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಮಗಳು ಏಳು ತಿಂಗಳಾಗಿ ತವರಿಗೆ ಬಂದಿದ್ದಳು. ಮುಂಚೆ ಎರಡು ಬಸಿರು ನಿಂತಿರಲಿಲ್ಲ. ಇದಾದರೂ ಉಳಿಯಲಿ ಎಂದು ಅವಳು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದೆ. ಅವಳು ಕೇಳಿದ್ದು ಬಳಪ. ನಮ್ಮ ಕಡೆ ಬಸುರಿಯರು ಬಳಪ ತಿನ್ನುವುದು ಹೊಸದಲ್ಲ, ನಾನೂ ತಿಂದಿದ್ದೆ.

ಅಂಗಡಿಯದಕ್ಕೆ ಏನು ಬೆರೆಸಿರುತ್ತಾರೋ ಎಂದು ಗುಡ್ಡದ ಬುಡದಿಂದ ನಾನೇ ಆಯ್ದು ತಂದೆ. ಓದು ಎರಡನೇ ಕ್ಲಾಸಿಗೆ ನಿಂತರೂ ಬಳಪದ ಕಲ್ಲು ಗುರುತಿಸುವುದು ಗೊತ್ತೆಂಬ ಜಂಬ ನನಗೆ. ಉಗುರಿಗೆ ಕೆರೆಯಬೇಕು, ಸೋಪಿನ ಹಾಗೆ ಜಾರಬೇಕು, ಸ್ಲೇಟಿನ ಮೇಲೆ ಬಿಳಿ ಗೆರೆ ಬೀಳಬೇಕು. ಮೂರೂ ಸರಿಯಿತ್ತು. ದೊಡ್ಡ ತುಂಡುಗಳನ್ನು ಒರಳಿಗೆ ಹಾಕಿ ಒಡೆದೆ. ಮಗಳು ಪಕ್ಕದಲ್ಲೇ ಕೂತು ಚೂರು ಆರಿಸಿ ತಿಂದಳು. ಹೀಗೇ ನಾಲ್ಕು ದಿನ.

ಐದನೇ ದಿನ ಸಂಜೆ, ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜು ಮೇಷ್ಟ್ರು ನೀರಿಗೆ ಬಂದವರು ಒರಳಿನ ಹತ್ತಿರ ನಿಂತರು. ಕಲ್ಲು ಮಣ್ಣಿನ ಪಾಠ ಹೇಳುವವರು ಅವರು.

"ಇದ್ಯಾಕಮ್ಮ ಕುಟ್ತಾ ಇದೀರಿ?"

"ಬಳಪ ಸಾ, ಮಗ್ಳು ತಿಂತಾಳೆ. ಇದೂ ಗೊತ್ತಾಗ್ಲಿಲ್ವಾ? ಇನ್ನೇನ್ ಪಾಠ ಏಳ್ತೀರೋ!"

ಮೇಷ್ಟ್ರು ನಗಲಿಲ್ಲ. ಒಂದು ಚೂರನ್ನು ನೀರಲ್ಲಿ ಅದ್ದಿ, ಅಂಚನ್ನು ಉಗುರಿಂದ ಬಿಡಿಸಿದರು. ಹತ್ತಿಯಂತೆ ಎಳೆ ಬಂತು. ಬೆಂಕಿಕಡ್ಡಿ ಗೀರಿ ಹಿಡಿದರು. ಕಡ್ಡಿ ಉರಿದು ಮುಗಿಯಿತು, ಎಳೆ ಹಾಗೇ ಇತ್ತು.

"ಬಳಪದ ಜೊತೆ ಕಲ್ನಾರು ಸೇರಿದೆ ಅಮ್ಮಾ, ಶೀಟಿಗೆ ಹಾಕೋ ಆಸ್ಬೆಸ್ಟಾಸು. ಬರೀ ಬಳಪ ಹೀಗೆ ನೂಲು ಬಿಡಲ್ಲ. ಇದರ ಧೂಳು ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಉಳಿಯುತ್ತೆ. ತಿನ್ನೋದಂತೂ ಬೇಡವೇ ಬೇಡ."

ಧೂಳು ಏಳದಂತೆ ಅವರೇ ಒರಳಿಗೆ ಒಂದು ಕೊಡ ನೀರು ಸುರಿದರು. ನಾನು ಕುಟ್ಟುವ ಕಲ್ಲು ಹಿಡಿದುಕೊಂಡೇ ಕೂತಿದ್ದೆ, ಕೆಳಗಿಡಲು ತೋಚಲಿಲ್ಲ. ಮಗಳು ಬಾಯಲ್ಲಿದ್ದುದನ್ನು ಅಂಗೈಗೆ ಉಗಿದಳು.

"ಅವ್ವಾ, ಮಗೀಗೆ ಏನಾರ ಆಯ್ತದಾ?"

ಕೇಳಿದ್ದು ನನ್ನನ್ನು, ಮೇಷ್ಟ್ರನ್ನಲ್ಲ. ನಾನು ಮೇಷ್ಟ್ರ ಮುಖ ನೋಡಿದೆ.

"ನಂಗೆ ಕಲ್ಲು ಗೊತ್ತು, ಹೊಟ್ಟೆ ವಿಷಯ ಡಾಕ್ಟ್ರನ್ನೇ ಕೇಳ್ಬೇಕು," ಎಂದರು ಮೇಷ್ಟ್ರು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಹೊರಟೆವು. ಒಂದು ಚೂರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಿದ್ದೆ.

"ನಾನೇ ಆಯ್ಕೊಂಡು ತಿಂದೆ ಅಂತೀನಿ ಕಣವ್ವ. ಅತ್ತೆಮ್ಮಂಗೆ ಗೊತ್ತಾದ್ರೆ ನಿನ್ನ ಬುಡಾಕಿಲ್ಲ," ಎಂದಳು ಮಗಳು.

"ಬಾಯ್ಮುಚ್ಕೊಂಡ್ ಬಾ," ಎಂದೆ.

ಡಾಕ್ಟರಮ್ಮನ ಮೇಜಿನ ಮೇಲೆ ಬಟ್ಟೆ ಬಿಚ್ಚಿ ಹೇಳಿದೆ: "ತಂದೋಳೂ ನಾನೇ, ಕುಟ್ಟಿ ಕೊಟ್ಟೋಳೂ ನಾನೇ. ಬೈಯೋದು ಆಮೇಲೆ ಬೈಯಿರಿ, ಮೊದ್ಲು ಮಗೀನ ಎದೆಬಡಿತ ನೋಡಿ."

ಬಡಿತ ಸರಿಯಿತ್ತು. ಧೂಳಿನಿಂದ ಮುಂದೆ ಏನಾದೀತೆಂದು ಈಗಲೇ ಹೇಳಲಾಗದು ಎಂದರು. ಮಗಳಿಗೆ ರಕ್ತ ತೀರಾ ಕಡಿಮೆಯಂತೆ, ಬಳಪದ ಚಪಲ ಅದರಿಂದಲೇ ಇರಬೇಕಂತೆ. ಕಬ್ಬಿಣದ ಮಾತ್ರೆ ಬರೆಸಿಕೊಂಡು, ಆಸ್ಪತ್ರೆಯ ನಲ್ಲಿ ಹತ್ತಿರವೇ ಅವಳನ್ನು ನಿಲ್ಲಿಸಿ ಮೊದಲನೆಯದನ್ನು ನುಂಗಿಸಿದೆ.